ಪಟ್ಟಿಯಲ್ಲಿಲ್ಲದ ಕಟ್ಟಡಗಳು: ಕವಿತಾಳ ಸೀಮೆಯ ಒಂದು ಸಮೀಕ್ಷೆ

ರಾಯಚೂರಿನಿಂದ ಲಿಂಗಸುಗೂರಿನ ಕಡೆ ಹೊರಟರೆ ಕಲ್ಲೂರು, ಸಿರವಾರ ದಾಟಿದ ಮೇಲೆ ಕವಿತಾಳ ಬರುತ್ತದೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ನೆಲವನ್ನು ಶಾಸನಗಳು ಎಡೆದೊರೆ ನಾಡು ಎಂದು ಕರೆದವು, ಇತಿಹಾಸದ ಪುಸ್ತಕಗಳು ರಾಯಚೂರು ದೋಆಬ್ ಎಂದವು. ಬಹುಕಾಲ ಮಾನ್ವಿ ತಾಲ್ಲೂಕಿನಲ್ಲಿದ್ದ ಕವಿತಾಳ ಈಗ ಸಿರವಾರ ತಾಲ್ಲೂಕಿಗೆ ಸೇರಿದೆ. ಹಳ್ಳಿಯಾಗಿದ್ದುದು ಪಟ್ಟಣ ಪಂಚಾಯಿತಿಯಾಗಿದೆ. ಪ್ರವಾಸಿ ಕೈಪಿಡಿಗಳಲ್ಲಿ ಈ ಊರಿನ ಹೆಸರು ಸಿಗುವುದು ಕಷ್ಟ. ಮಸ್ಕಿಯ ಅಶೋಕನ ಶಾಸನ, ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ ನೋಡಲು ಹೋಗುವವರಿಗೆ ಇದು ಬಸ್ಸು ನಿಲ್ಲುವ ಜಾಗ ಮಾತ್ರ. ಹಾಗಿದ್ದೂ ಈ ಸೀಮೆಯ ಕಟ್ಟಡಗಳ ಬಗ್ಗೆ ಬರೆಯಹೊರಟವರು ಕವಿತಾಳದಂತಹ ಊರಿನಲ್ಲೇ ನಿಂತು ಬರೆಯಬೇಕು ಎಂದು ನನಗೆ ಅನ್ನಿಸುತ್ತದೆ. ರಾಜರು ಕಟ್ಟಿಸಿದ್ದು ಸುತ್ತಲೂ ಇದೆ, ಅದರ ಲೆಕ್ಕವೂ ಇದೆ. ಜನ ಕಟ್ಟಿಕೊಂಡದ್ದು ಇಂಥ ಊರುಗಳಲ್ಲಿದೆ, ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಮೊದಲು ಲೆಕ್ಕಕ್ಕೆ ಸೇರಿದವುಗಳನ್ನು ನೋಡೋಣ. ಈ ಸೀಮೆಯ ಕಟ್ಟಡ ಚರಿತ್ರೆಯ ದೊಡ್ಡ ದಾಖಲೆ ರಾಯಚೂರು ಕೋಟೆ. ಅದರ ಒಳಗೋಡೆಯನ್ನು 1294ರಲ್ಲಿ, ಕಾಕತೀಯರ ಕಾಲದಲ್ಲಿ, ಗೋರೆ ಗಂಗಯ್ಯ ರೆಡ್ಡಿ ಕಟ್ಟಿಸಿದ. ಗಾರೆಯಿಲ್ಲದೆ, ಕಲ್ಲಿಗೆ ಕಲ್ಲು ಕೂರಿಸಿ ಎತ್ತಿದ ಗೋಡೆ ಅದು. ಕಟ್ಟಿಸಿದವನ ಹೆಸರು ಹೇಳುವ ತೆಲುಗು ಶಾಸನ ಕೆತ್ತಿರುವುದು ನಲವತ್ತು ಅಡಿಗೂ ಉದ್ದವಾದ ಒಂದೇ ಕಲ್ಲಿನ ಮೇಲೆ. ಶಾಸನಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಅದರ ಪಕ್ಕದ ಗೀರುಚಿತ್ರ. ಆ ಕಲ್ಲನ್ನು ಗಟ್ಟಿಗಾಲಿಯ ಬಂಡಿಯ ಮೇಲೆ ಹೇರಿ, ಕೋಣಗಳ ಉದ್ದ ಸಾಲು ಹೂಡಿ, ಆಳುಗಳು ಸನ್ನೆಗೋಲಿನಿಂದ ಮೀಟುತ್ತ ಎಳೆದು ತರುವ ದೃಶ್ಯ ಅಲ್ಲಿದೆ. ನಮ್ಮಲ್ಲಿ ಕಟ್ಟಿಸಿದವರ ಹೆಸರು ಸಾವಿರ ಕಡೆ ಸಿಗುತ್ತದೆ. ಕಟ್ಟುವ ಕೆಲಸವೇ ಕಲ್ಲಿನ ಮೇಲೆ ಹೀಗೆ ಮೂಡಿದ್ದು ತೀರ ಅಪರೂಪ.

ಹೊರಗೋಡೆಯನ್ನು 16ನೇ ಶತಮಾನದ ನಡುವಿನಲ್ಲಿ ಬಿಜಾಪುರದ ಇಬ್ರಾಹಿಂ ಆದಿಲ್‌ಶಾಹ ಕಟ್ಟಿಸಿದ. ಇವೆರಡು ಗೋಡೆಗಳ ನಡುವಿನ ಎರಡೂವರೆ ಶತಮಾನದಲ್ಲಿ ಯುದ್ಧದ ರೀತಿಯೇ ಬದಲಾಗಿತ್ತು. 1520ರಲ್ಲಿ ಕೃಷ್ಣದೇವರಾಯ ಈ ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರು ಗೋಡೆಯ ಮೇಲಿದ್ದ ಕಾವಲಿನವರನ್ನು ಗುರಿಯಿಟ್ಟು ಹೊಡೆದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಆಮೇಲಿನ ಬುರುಜುಗಳ ಆಕಾರವನ್ನು ನಿರ್ಧರಿಸಿದ್ದು ತೋಪು, ಬಂದೂಕು. ರಿಚರ್ಡ್ ಈಟನ್ ಮತ್ತು ಫಿಲಿಪ್ ವಾಗೊನರ್ 2014ರಲ್ಲಿ ಪ್ರಕಟಿಸಿದ ದಖನ್ನಿನ ವಾಸ್ತುಶಿಲ್ಪದ ಪುಸ್ತಕಕ್ಕೆ ರಾಜಧಾನಿಗಳನ್ನು ಬಿಟ್ಟು ಕಲ್ಯಾಣ, ರಾಯಚೂರು, ವಾರಂಗಲ್ಲುಗಳನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಎರಡನೇ ಸಾಲಿನ ಈ ಊರುಗಳು ಕೈಯಿಂದ ಕೈಗೆ ಹೋದವು. ಬಂದವರೆಲ್ಲ ಹಿಂದಿನವರ ಕಲ್ಲನ್ನು ಬಳಸಿದರು, ಕೆಲವನ್ನು ಹಾಗೇ ಉಳಿಸಿದರು, ಕೆಲವಕ್ಕೆ ಹೊಸ ಅರ್ಥ ಕೊಟ್ಟರು. ರಾಯಚೂರಿನ ನವರಂಗಿ ದರವಾಜಾ, ಮಕ್ಕಾ ದರವಾಜಾ, ಕಾಟಿ ದರವಾಜಾಗಳ ಅಡಿಯಲ್ಲಿ ನಡೆದು ಹೋದರೆ ಇದು ಕಣ್ಣಿಗೇ ಕಾಣುತ್ತದೆ. 1513ರ ಹೊತ್ತಿಗೆ, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ ಎದ್ದ ಏಕ್ ಮಿನಾರ್ ಮಸೀದಿ ಇನ್ನೊಂದು ಸಾಕ್ಷಿ. ಸುಮಾರು 65 ಅಡಿಯ ಒಂಟಿ ಮಿನಾರು, ಮೇಲಕ್ಕೆ ಹೋದಂತೆ ಸಣ್ಣಗಾಗುವ ದುಂಡು ದೇಹ, ನಡುವೆ ಮುಂಚಾಚಿದ ಮೊಗಸಾಲೆ. ಬೀದರಿನ ಗವಾನ್ ಮದರಸಾ ನೋಡಿದವರಿಗೆ ಇದರ ನೆಂಟಸ್ತಿಕೆ ತಟ್ಟನೆ ಗೊತ್ತಾಗುತ್ತದೆ.

ಮಲಿಯಾಬಾದಿನ ಕೋಟೆಯಲ್ಲಿ ಒಂದೊಂದೇ ಬಂಡೆಯಿಂದ ಕಡೆದ ಎರಡು ಆನೆಗಳಿವೆ. ಮುದಗಲ್ಲಿನಲ್ಲಿ ಕೋಟೆ, ಕಂದಕಗಳ ಜೊತೆ 1557ರದೆಂದು ಹೇಳಲಾಗುವ ರೋಮನ್ ಕ್ಯಾಥೊಲಿಕ್ ಚರ್ಚೂ ಇದೆ. ಮಸ್ಕಿಯ ಬಂಡೆಯ ಕಥೆ ಎಲ್ಲರಿಗೂ ಗೊತ್ತು: 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಂಡ ಆ ಶಾಸನ, ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೂ ಹೇಳಿ ಚರಿತ್ರೆಯ ದೊಡ್ಡ ಗಂಟೊಂದನ್ನು ಬಿಡಿಸಿತು. ನಿಜಾಮರ ಸರ್ಕಾರ ಪುರಾತತ್ವ ಇಲಾಖೆ ಸ್ಥಾಪಿಸಿದ್ದು 1914ರಲ್ಲಿ, ಅದರ ಮೊದಲ ನಿರ್ದೇಶಕರು ಗುಲಾಂ ಯಜ್ದಾನಿ. ಆ ಇಲಾಖೆಯ ಮೊದಲ ಪ್ರಕಟಣೆಯೇ ಮಸ್ಕಿ ಶಾಸನದ ಮೇಲೆ ಎಚ್. ಕೃಷ್ಣಶಾಸ್ತ್ರಿ ಬರೆದ ಪುಸ್ತಕ.

ದೇವದುರ್ಗದ ಹಾದಿಯ ಗಬ್ಬೂರಿಗೆ ಬಂದರೆ ಚಿತ್ರ ಬದಲಾಗುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಿಂದ ಹೆಸರು ಮಾಡಿದ ಊರು ಅದು. ಒಂದೇ ಊರಿನಲ್ಲಿ ಇಷ್ಟು ಗುಡಿ, ಇಷ್ಟು ಶಾಸನ ಇರುವ ಜಾಗ ಜಿಲ್ಲೆಯಲ್ಲಿ ಹೆಚ್ಚಿಲ್ಲ. ಇಲ್ಲಿಯ ಗುಡಿಗಳನ್ನು ಲಕ್ಕುಂಡಿ, ಇಟಗಿಗಳ ಪಕ್ಕ ಇಟ್ಟು ನೋಡುವವರು ಇವು ಸಾದಾ ಎಂದು ಮುಂದೆ ಹೋಗುತ್ತಾರೆ. ಅದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ, ಕಲ್ಲು. ಲಕ್ಕುಂಡಿಯವರಿಗೆ ಉಳಿಗೆ ಬೇಗ ಮಣಿಯುವ ಬಳಪದ ಜಾತಿಯ ಕಲ್ಲು ಸಿಕ್ಕಿತು. ದೋಆಬಿನ ಕಲ್ಲು ಹೆಚ್ಚಾಗಿ ಗ್ರಾನೈಟು, ಅದರ ಬಂಧುವಾದ ನೈಸ್. ಅದರಲ್ಲಿ ಜಾಲಂದ್ರದ ಕುಸುರಿ ಬಿಡಿಸುವುದು ಬಲು ಕಷ್ಟ. ಹಾಗಾಗಿ ಇಲ್ಲಿನ ಕಲ್ಲುಕುಟಿಗರು ಅಳತೆಯಲ್ಲಿ, ಕಂಬದ ನಿಲುವಿನಲ್ಲಿ, ಚಾವಣಿಯ ಚಪ್ಪಡಿಯ ಜೋಡಣೆಯಲ್ಲಿ ಚೆಲುವನ್ನು ಹುಡುಕಿದರು. ಕಲ್ಲನ್ನು ಅರಿತು ನೋಡಿದರೆ ಆ ಚೆಲುವು ಕಾಣದೆ ಇರದು.

ಇಲ್ಲಿಗೆ ಪಟ್ಟಿಯ ಮಾತು ಮುಗಿಯಿತು. ಇನ್ನು ಊರೊಳಗೆ ಹೋಗೋಣ.

ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗ ಸುತ್ತಿನ ಹಳೆಯ ಊರುಗಳ ಕಟ್ಟಡದ ವ್ಯಾಕರಣ ಹೆಚ್ಚುಕಡಿಮೆ ಒಂದೇ. ಊರಿಗೆ ಹೆಬ್ಬಾಗಿಲಾಗಿ ಅಗಸಿ. ಅಗಸಿಯ ಪಕ್ಕದಲ್ಲಿ ಹನುಮಪ್ಪನ ಗುಡಿ, ಅದರ ಮುಂದೆ ಕಟ್ಟೆ. ದಂಡು, ದರೋಡೆಯ ಕಾಲದಲ್ಲಿ ಏರಿ ನೋಡಲು ಕಟ್ಟಿದ ದುಂಡನೆಯ ಹುಡೇವು. ಗೌಡರದೋ ದೇಸಾಯರದೋ ವಾಡೆ. ಮಠ. ಮೊಹರಂ ಪೀರಗಳನ್ನು ಕೂರಿಸುವ ಆಶುರಖಾನೆ, ಅದರ ಎದುರಿಗೆ ಅಲಾಯಿ ಕುಣಿ. ಇಳಿಯಲು ಮೆಟ್ಟಿಲಿರುವ ಬಾವಿ. ಇವೆಲ್ಲ ಬೇರೆ ಬೇರೆ ಕಟ್ಟಡಗಳಾಗಿ ದೊಡ್ಡವಲ್ಲ. ಅಗಸಿಯಿಂದ ಕಟ್ಟೆಗೆ, ಕಟ್ಟೆಯಿಂದ ಬಾವಿಗೆ ಇರುವ ನಂಟಿನಲ್ಲಿ ಅವುಗಳ ಬೆಲೆ ಇದೆ. ಹನುಮಪ್ಪನ ಗುಡಿಯನ್ನು ಉಳಿಸಿ ಅಗಸಿಯನ್ನು ಕೆಡವಿದರೆ, ಆ ಗುಡಿ ಅಲ್ಲೇಕೆ ನಿಂತಿದೆ ಎಂಬುದೇ ಮುಂದಿನವರಿಗೆ ತಿಳಿಯದು. ಅಲಾಯಿ ಕುಣಿಯಂತೂ ಕಟ್ಟಡವೇ ಅಲ್ಲ, ನೆಲದಲ್ಲಿ ಒಂದು ತಗ್ಗು. ವರ್ಷಕ್ಕೊಮ್ಮೆ ಅದರ ಸುತ್ತ ಹಿಂದೂ ಮುಸ್ಲಿಮರಿಬ್ಬರೂ ಹೆಜ್ಜೆ ಹಾಕುವುದರಿಂದಲೇ ಅದರ ಮುಂದಿನ ಬಯಲು ಯಾರ ಮನೆಗೂ ಸೇರದೆ ಬಯಲಾಗಿ ಉಳಿದುಕೊಂಡಿದೆ.

ಮನೆಗಳ ಬಗ್ಗೆ ಹೆಚ್ಚು ಹೇಳಬೇಕು. ಈ ಸೀಮೆಯ ಮೂಲ ವಾಸ್ತು ಮಾಳಿಗೆ ಮನೆ. ಕಲ್ಲು, ಕೆಸರಿನ ದಪ್ಪ ಗೋಡೆ, ಎರಡರಿಂದ ಮೂರು ಅಡಿ. ಒಳಗೆ ಕಟ್ಟಿಗೆಯ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ಜಂತಿಗಳ ಮೇಲೆ ಚಿಪ್ಪು ಹಲಗೆ ಇಲ್ಲವೇ ಕಟ್ಟಿಗೆಯ ಚೂರು, ಅದರ ಮೇಲೆ ಸೊಪ್ಪು, ಹುಲ್ಲು, ಎಲ್ಲಕ್ಕೂ ಮೇಲೆ ಒಂದಡಿಗೂ ಹೆಚ್ಚು ಮಣ್ಣು. ಕೊನೆಯ ಪದರಕ್ಕೆ ಸವಳು ಮಣ್ಣು. ಉಪ್ಪಿನಂಶವಿರುವ ಈ ಮಣ್ಣು ನೀರು ಬಿದ್ದರೆ ಉಬ್ಬಿ ಬಿಗಿದುಕೊಳ್ಳುತ್ತದೆ, ನೀರನ್ನು ಕೆಳಗೆ ಬಿಡದು. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಿ ತುಳಿಯುವುದು ಮನೆ ಮಂದಿಯ ಕೆಲಸ. ಬೆಳಕಿಗೆ ಚಾವಣಿಯಲ್ಲೊಂದು ಬೆಳಕಿಂಡಿ. ಮಳೆ ಬಂದರೆ ಅದನ್ನು ಮುಚ್ಚಲು ಒಂದು ಕಲ್ಲು. ಹೊರಗೋಡೆಯಲ್ಲಿ ಕಿಟಕಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಬಾಗಿಲು ದಾಟಿದರೆ ಬಂಕ. ಎತ್ತು ಎಮ್ಮೆಗಳು ಒಂದು ಮಗ್ಗಲು, ಮನುಷ್ಯರು ಎತ್ತರದ ಪಡಸಾಲೆಯಲ್ಲಿ. ಪಡಸಾಲೆಯಿಂದ ಒಳಕ್ಕೆ ಅಡುಗೆಮನೆ, ದೇವರ ಜಗುಲಿ, ಕತ್ತಲೆ ಕೋಣೆ. ಜೋಳ ತುಂಬುವ ಹಗೇವು ಬಂಕದೊಳಗೋ ಮನೆಯ ಮುಂದಿನ ಬೀದಿಯಲ್ಲೋ ನೆಲದಡಿಗೆ ಇರುತ್ತಿತ್ತು. ಬಾಯಿ ಸಣ್ಣದು, ಒಳಗೆ ಹರವು. ತಳಕ್ಕೂ ಗೋಡೆಗೂ ಹುಲ್ಲು ಹಾಸಿ ಜೋಳ ತುಂಬಿ ಬಾಯಿ ಮುಚ್ಚಿದರೆ ಗಾಳಿಯಾಡದ ಕಾರಣ ಹುಳ ಬೀಳುತ್ತಿರಲಿಲ್ಲ. ಬರ ಬಂದ ವರ್ಷ ಊರು ಬದುಕುತ್ತಿದ್ದುದು ಈ ಹಗೇವಿನಿಂದ. ರಾಯಚೂರಿನ ಬರಗಾಲಗಳ ಚರಿತ್ರೆ ಬರೆಯುವವರು ಹಗೇವನ್ನು ಕಟ್ಟಡವೆಂದು ಎಣಿಸಬೇಕು. ಕೋಟೆಯಷ್ಟೇ ಅದೂ ರಕ್ಷಣೆಗೆ ಕಟ್ಟಿದ್ದು.

ರಾಯಚೂರಿನ ಬೇಸಿಗೆ 40 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆ ಹಗಲಿನ ಬಿಸಿಯನ್ನು ತಡೆದು ನಿಧಾನವಾಗಿ ಒಳಗೆ ಬಿಡುತ್ತವೆ. ಅಷ್ಟರಲ್ಲಿ ರಾತ್ರಿಯಾಗಿ, ಮನೆಯವರು ಹಾಸಿಗೆ ತೆಗೆದುಕೊಂಡು ಮಾಳಿಗೆಯ ಮೇಲೆ ಹೋಗಿರುತ್ತಾರೆ. ನಾಲ್ಕೈದು ಇಂಚಿನ ಆರ್‌ಸಿಸಿ ಚಾವಣಿಯ ಕೆಳಗೆ ಮೇ ತಿಂಗಳ ಮಧ್ಯಾಹ್ನ ಕೂತವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಥಿತಿವಂತರು ಇದೇ ವ್ಯಾಕರಣವನ್ನು ದೊಡ್ಡದು ಮಾಡಿಕೊಂಡರು. ವಾಡೆ ಎಂದರೆ ನಡುವೆ ತೆರೆದ ಅಂಗಳ, ನಾಲ್ಕೂ ಕಡೆ ಪಡಸಾಲೆ, ಎತ್ತರದ ಗೋಡೆ, ಮೊಳೆ ಬಡಿದ ಜೋಡಿ ಬಾಗಿಲು. ಕಮಾನು, ಗಚ್ಚಿನ ಗಿಲಾವು, ಗೂಡಿನ ಆಕಾರಗಳು ಬಿಜಾಪುರದಿಂದಲೂ ಹೈದರಾಬಾದಿನಿಂದಲೂ ಬಂದವು. ನೆಲಕ್ಕೆ ಭೀಮಾ ಸೀಮೆಯ ಶಹಾಬಾದಿ ಪರಸಿ ಬಂತು. 1871ರಲ್ಲಿ ಮುಂಬೈ ಕಡೆಯ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದ ಮೇಲೆ ಕಬ್ಬಿಣದ ತೊಲೆ, ಮಂಗಳೂರು ಹೆಂಚು, ಬಣ್ಣದ ಗಾಜು ಸಣ್ಣ ಊರುಗಳಿಗೂ ತಲುಪುವುದು ಸುಲಭವಾಯಿತು. ಲಿಂಗಸುಗೂರು ಒಂದು ಕಾಲಕ್ಕೆ ಹೈದರಾಬಾದ್ ಕಾಂಟಿಂಜೆಂಟಿನ ದಂಡಿನ ಠಾಣೆ. 1905ರವರೆಗೆ ಜಿಲ್ಲಾ ಕೇಂದ್ರವೂ ಹೌದು. ಹಾಗಾಗಿ ಈ ರಸ್ತೆಯ ಊರುಗಳಿಗೆ ಕಚೇರಿ, ಬಂಗಲೆಗಳ ಪರಿಚಯವೂ ಬೇಗ ಆಯಿತು.

ಇನ್ನು ಈ ಮಾಳಿಗೆ, ವಾಡೆಗಳು ಹೋದದ್ದು ಹೇಗೆ? ಒಂದೇ ಏಟಿಗೆ ಅಲ್ಲ. 1949ರಲ್ಲಿ ಹೈದರಾಬಾದ್ ರಾಜ್ಯದಲ್ಲಿ ಜಾಗೀರುಗಳು ರದ್ದಾದವು. ಆಗಲೇಬೇಕಾದ ಕೆಲಸ ಅದು, ರೈತನ ಬೆನ್ನ ಮೇಲಿನ ಭಾರ ಇಳಿಯಿತು. ಆದರೆ ವಾಡೆಗಳ ಆದಾಯವೂ ನಿಂತಿತು, ಮನೆತನಗಳು ರಾಯಚೂರಿಗೂ ಹೈದರಾಬಾದಿಗೂ ಹೋದವು, ಪಾಲಾದ ವಾಡೆಗೆ ರಿಪೇರಿ ಮಾಡಿಸುವವರು ಇಲ್ಲವಾದರು. ಆಮೇಲೆ 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಎಡದಂಡೆ ಕಾಲುವೆ ಮಾನ್ವಿ, ಸಿರವಾರಗಳ ಎರೆ ಭೂಮಿಗೆ ಭತ್ತ ತಂದಿತು. ಹೊರಗಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಎದ್ದವು, ಕೈಯಲ್ಲಿ ರೊಕ್ಕ ಆಡಿತು. ರೊಕ್ಕ ಬಂದವರು ಮೊದಲು ಮಾಡಿದ್ದು ಮಣ್ಣಿನ ಮಾಳಿಗೆ ಕೆಡವಿ ಸಿಮೆಂಟಿನ ಮನೆ ಕಟ್ಟಿದ್ದು. ಅದರಲ್ಲಿ ತಪ್ಪು ಹುಡುಕುವುದು ನನಗೆ ಸರಿ ಕಾಣದು. ಸೋರುವ ಮಾಳಿಗೆಯ ಕೆಳಗೆ ಬಟ್ಟಲಿಟ್ಟು ಮಲಗಿದವರಿಗೆ ಪರಂಪರೆಯ ಪಾಠ ಹೇಳುವ ಹಕ್ಕು ಯಾರಿಗೂ ಇಲ್ಲ. ಜೋಳದ ಜಾಗಕ್ಕೆ ಅಕ್ಕಿ ಬಂದಾಗ ಹಗೇವುಗಳಿಗೂ ಮಣ್ಣು ಬಿತ್ತು.

ದೊಡ್ಡ ಪೆಟ್ಟು ಬಿದ್ದದ್ದು 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಗೆ. ತುಂಗಭದ್ರೆ ಮಂತ್ರಾಲಯದೊಳಗೆ ನುಗ್ಗಿದ ಅದೇ ಮಳೆ ಉತ್ತರ ಕರ್ನಾಟಕದ ಉದ್ದಕ್ಕೂ ಲಕ್ಷಗಟ್ಟಲೆ ಮನೆಗಳನ್ನು ಬೀಳಿಸಿತು. ಬಿಡದೆ ಸುರಿದ ಮಳೆಗೆ ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು, ಜಂತಿ ಮುರಿಯಿತು, ಮಲಗಿದವರ ಮೇಲೆ ಬಿತ್ತು. ಮಣ್ಣಿನ ಮನೆಯ ಮೇಲೆ ಜನ ಇಟ್ಟಿದ್ದ ನಂಬಿಕೆ ಆ ವಾರ ಮುರಿಯಿತು. ನಂತರ ಬಂದ ಪರಿಹಾರದ ಯೋಜನೆಗಳು ಕಟ್ಟಿಕೊಟ್ಟದ್ದು ಕಾಂಕ್ರೀಟಿನ ಮನೆ. ಸತ್ಯ ಏನೆಂದರೆ ಬಿದ್ದ ಎಷ್ಟೋ ಮಾಳಿಗೆಗಳು ವರ್ಷ ವರ್ಷದ ಮಣ್ಣು ಕಾಣದೆ ಬಹುಕಾಲವಾಗಿತ್ತು. ಮನೆಯ ಹುಡುಗರು ದುಡಿಯಲು ಬೆಂಗಳೂರಿಗೆ ಹೋದ ಮೇಲೆ ಮಾಳಿಗೆ ಹತ್ತಿ ತುಳಿಯುವವರು ಯಾರು?

ಗುಡಿಗಳ ಕಥೆ ಬೇರೆ. ಅವನ್ನು ಯಾರೂ ಬಿಟ್ಟು ಹೋಗಲಿಲ್ಲ, ಅತಿಯಾಗಿ ಪ್ರೀತಿಸಿದರು. ಗ್ರಾನೈಟಿನ ಕಂಬಕ್ಕೆ ಆಯಿಲ್ ಪೇಂಟು, ಗರ್ಭಗುಡಿಗೆ ಟೈಲ್ಸು, ಹಳೆಯ ಚಪ್ಪಡಿಯ ಮೇಲೆ ಸಿಮೆಂಟಿನ ಗೋಪುರ, ಶಾಸನದ ಕಲ್ಲಿನ ಮೇಲೆ ಸುಣ್ಣದ ಮೇಲೆ ಸುಣ್ಣ. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿ ಗೋಡೆಯನ್ನು ತಿನ್ನುತ್ತದೆ. ಭಕ್ತಿಯಿಂದ ಮಾಡಿದ ಜೀರ್ಣೋದ್ಧಾರ ಹಲವು ಕಡೆ ಜೀರ್ಣವನ್ನು ಬೇಗ ಮಾಡಿದೆ. ಇದಕ್ಕೆ ಊರಿನವರನ್ನು ದೂರಿ ಪ್ರಯೋಜನವಿಲ್ಲ. ಹಳೆಯ ಗುಡಿಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕನ್ನಡದಲ್ಲಿ ಎರಡು ಪುಟ ಬರೆದು ದೇವಸ್ಥಾನದ ಸಮಿತಿಗಳ ಕೈಗೆ ಕೊಡುವ ವ್ಯವಸ್ಥೆ ಇದ್ದಿದ್ದರೆ ಅರ್ಧ ಹಾನಿ ತಪ್ಪುತ್ತಿತ್ತು.

ಹಾಗೆಂದು ಬಳಕೆಯೇ ಶತ್ರು ಎನ್ನುವಂತಿಲ್ಲ. ಮಾನ್ವಿಯಲ್ಲಿ ಹರಿಕಥಾಮೃತಸಾರದ ಜಗನ್ನಾಥದಾಸರು ಬಾಳಿದ ಮನೆಯನ್ನು ನೋಡಿ. ಬ್ಯಾಗವಾಟದಲ್ಲಿ ಹುಟ್ಟಿ 1809ರಲ್ಲಿ ತೀರಿಕೊಂಡ ದಾಸರು ಅಲ್ಲಿಯ ಕಂಬದಲ್ಲಿ ಸನ್ನಿಹಿತರಾಗಿದ್ದಾರೆಂದು ಭಕ್ತರು ನಂಬುತ್ತಾರೆ, ಆರಾಧನೆ ನಡೆಯುತ್ತದೆ. ಒಂದು ವಾಸದ ಮನೆಯ ಜಾಗ, ಒಂದು ಕಂಬ ಎರಡು ಶತಮಾನ ದಾಟಿ ಊರಿನ ನಡುವೆ ಉಳಿದದ್ದು ಯಾವ ಕಾಯ್ದೆಯಿಂದಲೂ ಅಲ್ಲ. ಅದೇ ಊರಿನ ಕೋಟೆ ಹಾಳುಬಿದ್ದಿದೆ. ಕೆಲಸವಿಲ್ಲದ ಕಟ್ಟಡ ಈ ಸೀಮೆಯಲ್ಲಿ ಕಲ್ಲಿನ ಗಣಿಯಾಗುತ್ತದೆ. ಊರ ಹುಡೇವಿನ ಕಲ್ಲು ಊರಿನ ದನದ ಕೊಟ್ಟಿಗೆಗಳಲ್ಲಿ ಇರುತ್ತದೆ.

ಈಗ ಕಾಯ್ದೆಯ ವಿಷಯ. 1958ರ ಕೇಂದ್ರ ಕಾಯ್ದೆ ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಕಾಯುತ್ತದೆ. ಇಡೀ ದೇಶದಲ್ಲಿ ಅಂಥವು 3,600ಕ್ಕೂ ಹೆಚ್ಚು, ಕರ್ನಾಟಕದಲ್ಲಿ 500ಕ್ಕೂ ಹೆಚ್ಚು. 1961ರ ರಾಜ್ಯ ಕಾಯ್ದೆಯ ಅಡಿಯಲ್ಲಿ ಇನ್ನೂ 800ಕ್ಕೂ ಹೆಚ್ಚು. ಸುಮಾರು ಮೂವತ್ತು ಸಾವಿರ ಹಳ್ಳಿಗಳಿರುವ ರಾಜ್ಯಕ್ಕೆ ಈ ಪಟ್ಟಿ ಎಷ್ಟು ಚಿಕ್ಕದು ಎಂಬುದು ಮೊದಲ ಮಾತು. ಎರಡನೆಯದು ಇನ್ನೂ ಮುಖ್ಯ. ಈ ಕಾಯ್ದೆಗಳಿಗೆ ಗುಡಿ, ಕೋಟೆ, ಮಸೀದಿ, ಶಾಸನ ಕಾಣುತ್ತವೆ, ಊರು ಕಾಣುವುದಿಲ್ಲ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ದಿಲ್ಲಿಯ ಗೋರಿಗಳ ಸುತ್ತ ಇದು ಬೇಕಾದದ್ದೇ ಇರಬಹುದು. ಊರ ನಡುವೆ ಗುಡಿ ಇರುವಲ್ಲಿ ಇದೇ ನಿಯಮ ಮನೆಯ ಮೇಲೊಂದು ಕೋಣೆ ಎತ್ತಬೇಕೆಂದವನಿಗೆ ದಿಗಿಲು. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಿಂದ ಜನರನ್ನು ಎಬ್ಬಿಸಿದ್ದನ್ನು ಈ ಭಾಗದ ಜನ ಮರೆತಿಲ್ಲ. ಸ್ಮಾರಕವೆಂದರೆ ತಮ್ಮನ್ನು ಹೊರಗೆ ಹಾಕುವ ವಸ್ತು ಎಂಬ ಭಾವನೆ ಬಂದ ಮೇಲೆ ಹೊಲದಲ್ಲಿ ಸಿಕ್ಕ ವೀರಗಲ್ಲನ್ನು ಯಾರು ತಾನೆ ಇಲಾಖೆಗೆ ತೋರಿಸುತ್ತಾರೆ?

ಬೇರೆ ದಾರಿಯೂ ಇದೆ. ಅಮೆರಿಕದಲ್ಲಿ 1966ರ ಕಾಯ್ದೆಯಿಂದ ಹುಟ್ಟಿದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ 90 ಸಾವಿರಕ್ಕೂ ಹೆಚ್ಚು ನಮೂದುಗಳಿವೆ. ಅಲ್ಲಿ ಸಣ್ಣ ಊರಿನ ಬ್ಯಾಂಕು, ಧಾನ್ಯದ ಮಳಿಗೆ, ರೈಲು ನಿಲ್ದಾಣ, ಅಂಗಡಿ ಬೀದಿ ಎಲ್ಲಕ್ಕೂ ಜಾಗ ಇದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಮಾಲೀಕನ ಕೈ ಕಟ್ಟುವುದಿಲ್ಲ. ದುಡಿಮೆಗೆ ಬಳಸುವ ಹಳೆಯ ಕಟ್ಟಡವನ್ನು ಗುಣ ಕೆಡದಂತೆ ದುರಸ್ತಿ ಮಾಡಿಸಿದರೆ ಖರ್ಚಿನ ಶೇ 20ರಷ್ಟು ತೆರಿಗೆಯಲ್ಲಿ ಸಿಗುತ್ತದೆ. 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಊರುಗಳಲ್ಲಿ ಮುಖ್ಯ ಬೀದಿ ಯೋಜನೆ ಎಂದು ಶುರುವಾದ ಪ್ರಯೋಗ, ಅಂಗಡಿಯವರ ವ್ಯಾಪಾರ ಮತ್ತು ಕಟ್ಟಡದ ಉಳಿವು ಒಂದೇ ಕೆಲಸ ಎಂದು ಹಿಡಿದು ನಡೆಯಿತು. ಅವರ ಊರಿಗೆ ಒಂದೂವರೆ ಎರಡು ಶತಮಾನದ ಹಳಮೆ, ನಮ್ಮ ಗಬ್ಬೂರಿಗೆ ಸಾವಿರದ್ದು. ಅವರ ತೆರಿಗೆ ಪದ್ಧತಿ ನಮಗೆ ಹಾಗೇ ಹೊಂದದು. ಆದರೆ ಮೊದಲು ಬರೆದಿಡು, ಕಟ್ಟುಪಾಡು ಆಮೇಲೆ ಎಂಬ ಅವರ ಕ್ರಮ ನಮಗೆ ನೇರವಾಗಿ ಬೇಕಾದದ್ದು.

ಕರ್ನಾಟಕದಲ್ಲಿ ಶಾಸನಗಳ ಮಟ್ಟಿಗೆ ಈ ಕೆಲಸ ಆಗಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟಗಳನ್ನು ತಂದ ಮೇಲೆ ಕಲ್ಲು ಕಳೆದುಹೋದರೂ ಪಾಠ ಉಳಿಯಿತು. ಅದೇ ಬಗೆಯ ಸಂಪುಟ ಅಗಸಿ, ವಾಡೆ, ಹುಡೇವು, ಬಾವಿಗಳಿಗೆ ಇಲ್ಲ. ಮೈಸೂರಿನಂತಹ ನಗರಕ್ಕೆ ಪಾರಂಪರಿಕ ಸಮಿತಿ ಇದೆ. ಪಟ್ಟಣ ಪಂಚಾಯಿತಿಗಳಿಗೆ ಅಂಥದ್ದನ್ನು ಯೋಚಿಸಿದವರಿಲ್ಲ. ಸಂವಿಧಾನದ 12ನೇ ಅನುಸೂಚಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳಲ್ಲಿ ಸಾಂಸ್ಕೃತಿಕ ವಿಷಯವನ್ನೂ ಎಣಿಸಿದೆ. ಕವಿತಾಳದ ಪಟ್ಟಣ ಪಂಚಾಯಿತಿಯಂಥ ಸಂಸ್ಥೆ ಮನಸ್ಸು ಮಾಡಿದರೆ ಅಡ್ಡಿ ಬರುವ ಕಾಯ್ದೆ ಯಾವುದೂ ಇಲ್ಲ.

ಮಾಡಬೇಕಾದ್ದು ದುಬಾರಿಯೂ ಅಲ್ಲ. ಐವತ್ತು ವರ್ಷಕ್ಕಿಂತ ಹಳೆಯದಾದ ಪ್ರತಿ ಕಟ್ಟಡಕ್ಕೆ ಒಂದು ಪುಟ: ನಾಲ್ಕು ದಿಕ್ಕಿನ ಫೋಟೊ, ಅಡಿಗಳಲ್ಲಿ ಅಳತೆ, ಏನೇನು ಸಾಮಾನು ಹಾಕಿ ಕಟ್ಟಿದ್ದು, ಮನೆಯ ಹಿರಿಯರು ಹೇಳಿದ ಮಾತು. ಊರಿನ ಪದವಿಪೂರ್ವ ಕಾಲೇಜಿನ ಹುಡುಗ ಹುಡುಗಿಯರು ಒಂದು ಬೇಸಿಗೆ ರಜೆಯಲ್ಲಿ ಮುಗಿಸಬಹುದಾದ ಕೆಲಸ. ಬೀಳಲಿರುವ ವಾಡೆಯನ್ನು ಉಳಿಸಲಾಗದಿದ್ದರೆ ಬೀಳಲಿ, ಅಳತೆ ಮಾಡಿಕೊಂಡ ಮೇಲೆ ಬೀಳಲಿ. ರಸ್ತೆ ಅಗಲ ಮಾಡುವ ನಕ್ಷೆ ತಯಾರಾಗುವಾಗ ಈ ಪುಟಗಳು ಎಂಜಿನಿಯರ್ ಮೇಜಿನ ಮೇಲಿದ್ದರೆ ಅಗಸಿಯನ್ನು ಸುತ್ತಿ ಹೋಗಲು ಬರುತ್ತದೆಯೇ ಎಂಬ ಪ್ರಶ್ನೆಯಾದರೂ ಏಳುತ್ತದೆ.

ಕಟ್ಟಡಗಳ ಜೊತೆಗೇ ಬರೆದುಕೊಳ್ಳಬೇಕಾದ್ದು ಗೌಂಡಿಗಳ ಮತ್ತು ಬಡಿಗೇರರ ತಿಳಿವಳಿಕೆ. ಸುಣ್ಣವನ್ನು ಎಷ್ಟು ದಿನ ಕೊಳೆಹಾಕಬೇಕು, ಗಾಣಕ್ಕೆ ಹಾಕಿ ಅರೆಯುವಾಗ ಬೆಲ್ಲದ ನೀರು ಯಾವಾಗ ಬೆರೆಸಬೇಕು, ಯಾವ ಹಳ್ಳದ ದಂಡೆಯ ಸವಳು ಮಣ್ಣು ಮಾಳಿಗೆಗೆ ಒಳ್ಳೆಯದು, ಬೇವಿನ ಜಂತಿಯನ್ನು ಯಾವ ತಿಂಗಳು ಕಡಿದರೆ ಹುಳ ಹಿಡಿಯದು ಎಂಬುದು ಯಾವ ಸಂಪುಟದಲ್ಲೂ ಇಲ್ಲ, ಅವರ ಕೈಯಲ್ಲಿದೆ. ಗಚ್ಚಿನ ಕೆಲಸ ಮಾಡಿದವರಲ್ಲಿ ಹೆಚ್ಚಿನವರಿಗೆ ಈಗ ವಯಸ್ಸಾಗಿದೆ. ರಾಯಚೂರು ಕೋಟೆಯ ಗೋಡೆಗೆ ದುರಸ್ತಿಯ ಹಣ ಬಂದಾಗ ಕೆಲಸಕ್ಕೆ ಕರೆಯಬೇಕಾದವರೂ ಇವರೇ. ಹಾಗಾಗಿ ಪಟ್ಟಿಯ ಮೊದಲ ಪುಟಗಳನ್ನು ಅವರ ಮನೆಯ ಪಡಸಾಲೆಯಲ್ಲಿ ಕೂತು ಬರೆಯುವುದು ಒಳ್ಳೆಯದು. ಅಗಸಿ, ವಾಡೆಗಳ ಅಳತೆಯನ್ನು ಮರುದಿನ ತೆಗೆದುಕೊಳ್ಳಬಹುದು.